ಗಡ್ಡೆಗೆ ಸೂಜಿ

ತಲೆನೋವು ಬಂದರೆ ಮೆದುಳಿಗೇ ಏನೋ ಆಯಿತು ಅಂದುಕೊಳ್ಳುವ ಪೈಕಿ ನಾನು. ಹಾಗಾಗಿ ಪಕ್ಕೆನೋವೆಂದು ಕೊಪ್ಪದಲ್ಲಿ ಸ್ಕ್ಯಾನ್ ಮಾಡಿಸಲು ಹೊರಟಾಗ ಮನೆಯಲ್ಲಿ ಯಾರೂ ಗಾಬರಿಯಾಗಲಿಲ್ಲ. ಕಲ್ಲಿರಬಹುದು, ಬಾಳೆದಿಂಡಿನ ರಸ ಕುಡಿದರಾಯಿತು ಅಂದರು. ಸ್ಕ್ಯಾನ್ ಡಾಕ್ಟರು ಮಾತ್ರ ಒಂದೇ ಜಾಗದಲ್ಲಿ ಒತ್ತಿ ಒತ್ತಿ ನೋಡಿ, "ಎಡ ಕಿಡ್ನೀಲಿ ಸಣ್ಣ ಗಡ್ಡೆ ಇದ್ದಂಗಿದೆ" ಅಂದರು. ಇಲ್ಲದ ಕಾಯಿಲೆಗಳಿಗೆ ಹೆದರುತ್ತಲೇ ನಡುವಯಸ್ಸಿಗೆ ಬಂದಿದ್ದೆ. ಕೊನೆಗೂ ನಿಜವಾದ ರೋಗಿಯಾದೆನಲ್ಲ ಎಂದು, ನಾಚಿಕೆಗೇಡು, ಒಂದು ಕ್ಷಣ ಹೆಮ್ಮೆಯೂ ಆಯಿತು.

ಘಟ್ಟದ ಕೆಳಗಿನ ಆಸ್ಪತ್ರೆಯಲ್ಲಿ ನರಕ್ಕೆ ಔಷಧಿ ಬಿಟ್ಟು ಸಿ.ಟಿ. ಸ್ಕ್ಯಾನ್ ಮಾಡಿದರು. ಅದರಲ್ಲೂ ತೀರ್ಮಾನವಾಗಲಿಲ್ಲ.

"ಕ್ಯಾನ್ಸರ್ ಇರಬಹುದು, ಇಲ್ಲದೆಯೂ ಇರಬಹುದು. ನಿಮ್ಮ ಬಲಗಡೆ ಕಿಡ್ನಿ ಹುಟ್ಟಿನಿಂದ್ಲೇ ಚಿಕ್ಕದು. ಎಡದ್ದನ್ನ ಸುಮ್ಮನೆ ಕಳೆದುಕೊಳ್ಳೋದು ಬೇಡ. ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆ ಮಾಡೋಣ," ಅಂದರು ಡಾಕ್ಟರು.

ಸುದ್ದಿ ಕೇಳಿ ಅಕ್ಕನ ಜೊತೆ ಭಾವ ಕಮ್ಮರಡಿಯಿಂದ ಬಂದಿಳಿದರು. "ಗಡ್ಡೆಗೆ ಸೂಜಿ ತಾಗಿಸಬಾರದು ಮಾರಾಯ. ಸುವರ್ಣಗಡ್ಡೆ ನೆಟ್ಟಿಲ್ವಾ ನೀನು? ಒಂದನ್ನ ನಾಲ್ಕು ಹೋಳು ಮಾಡಿದ್ರೆ ನಾಲ್ಕು ಗಡ್ಡೆ. ತೆಗೆಸೋದಾದ್ರೆ ಇಡೀ ಕಿಡ್ನೀನೇ ತೆಗೆಸಿ ಬಿಸಾಕು."

"ಇವರು ಹೇಳೋದು ಕೇಳೋ," ಅಂದಳು ಅಕ್ಕ.

ಸೂಜಿಯಿಂದ ಹರಡುತ್ತದಾ ಎಂದು ನಾನೂ ಡಾಕ್ಟರನ್ನು ಕೇಳಿದ್ದೆ. ತೀರಾ ಅಪರೂಪ ಅಂದಿದ್ದರು. ಅಪರೂಪದ್ದೆಲ್ಲ ನನಗೇ ಬರುತ್ತದೆ ಎಂದು ನಂಬಿದವನಿಗೆ ಅದೆಂಥ ಸಮಾಧಾನ? ಭಾವ ಮಾತಾಡಿದಷ್ಟೂ ಪಕ್ಕೆಯೊಳಗೆ ಮೊಳಕೆಯೊಡೆದಂತಾಗುತ್ತಿತ್ತು. ಆದರೂ ಎಲ್ಲಿತ್ತೋ ಸಿಟ್ಟು.

"ಭಾವ, ಕಾಡಲ್ಲಿ ನೀವು ಬಳ್ಳಿ ನೋಡಿ, ಇದು ತಿನ್ನೋ ಗಡ್ಡೆ, ಇದು ವಿಷದ್ದು ಅಂತೀರಿ. ನನ್ನ ಹೊಟ್ಟೆ ಮೇಲೆ ಬಳ್ಳಿ ಎಲ್ಲಿದೆ, ತೋರಿಸಿ."

"ಎಂತ ಅಧಿಕಪ್ರಸಂಗ ಮಾರಾಯ ನಿಂದು!"

"ಹೌದು. ಯಾವುದು ಅಂತ ಗೊತ್ತಾಗದೆ ಕಿಡ್ನಿ ಕೊಡಲ್ಲ. ಸೂಜಿ ಹಾಕಿಸ್ತೀನಿ."

ಭಾವನೆದುರು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು.

ಆಸ್ಪತ್ರೆಯಲ್ಲಿ ಬೋರಲು ಮಲಗಿಸಿ ಬೆನ್ನಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟರು. "ಉಸಿರು ಹಿಡೀರಿ. ಹೆದರಬೇಡಿ."

"ನಾನು ಹೆದರ್ತೀನಿ, ನೀವು ಚುಚ್ಚಿ," ಅಂದೆ.

ಸ್ಟೇಪ್ಲರ್ ಹೊಡೆದ ಹಾಗೆ ಟಕ್ಕೆಂದಿತು.

ಕ್ಯಾನ್ಸರ್ ಅಲ್ಲ ಎಂದು ವರದಿ ಬಂತು. ಗಡ್ಡೆ ಅಲ್ಲೇ ಇರಲಿ, ಆಗಾಗ ಸ್ಕ್ಯಾನ್ ಮಾಡಿ ನೋಡುತ್ತಿದ್ದರೆ ಸಾಕು ಅಂದರು. ಭಾವನಿಗೆ ಫೋನ್ ಮಾಡಿ ಹೇಳಿದೆ.

"ನೋಡಿದ್ಯಾ? ಸುಮ್ಸುಮ್ನೆ ಚುಚ್ಚಿಸಿಕೊಂಡೆ!"

"ಸಂಶಯ ಬಂದ್ರೆ ಮತ್ತೊಂದ್ಸಲ ಚುಚ್ಚಿಸ್ಕೊಳ್ತೀನಿ ಭಾವ," ಎಂದು ಅವರು ಬಾಯಿ ತೆರೆಯುವ ಮೊದಲೇ ಫೋನಿಟ್ಟೆ.