ಕೆಳಗಿನ ಮನೆಯ ತಂಬೂರಿ

ಬಾಗಿಲು ತೆರೆದರೆ ಕೆಳಗಿನ ಮನೆಯ ಗಡ್ಡದ ಅಮೆರಿಕನ್ ನಿಂತಿದ್ದ. ಧಾರವಾಡದಿಂದ ಬಂದಿದ್ದ ನನ್ನ ಅವ್ವ ದಿನಾ ಬೆಳಿಗ್ಗೆ ಹಾಡುವುದಕ್ಕೆ ಜಗಳಕ್ಕೇ ಬಂದನೆಂದುಕೊಂಡು, ಅವನು ಬಾಯಿ ತೆರೆಯುವ ಮೊದಲೇ ಸಾರಿ ಅಂದೆ. ಸಾಂಟಾ ಕ್ಲಾರಾದ ಆ ಅಪಾರ್ಟ್‌ಮೆಂಟಿನ ನೆಲ ಅಷ್ಟು ತೆಳು. ಎಂಬತ್ತರ ದಶಕದ ಮಾತು.

"ಇವತ್ತು ಅವರು ಯಾಕೆ ಹಾಡಲಿಲ್ಲ? ಹುಷಾರಾಗಿದ್ದಾರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದ.

ಅವನ ಬಳಿ ಬ್ರಿಟಿಷ್ ರಾಕ್ ಬ್ಯಾಂಡೊಂದರ ರೆಕಾರ್ಡಿತ್ತು. ಸಿನಿಮಾದ ಪರದೆ ಇನ್ನೂ ಕತ್ತಲಾಗಿರುವಾಗ ಕೇಳಿಸುವಂಥ ಉದ್ದನೆಯ ಒಂದೇ ನಾದದಿಂದ ಅದು ಶುರುವಾಗುತ್ತಿತ್ತು. ತಂಬೂರಿಯನ್ನು ಊರಲ್ಲೇ ಬಿಟ್ಟು ಬಂದಿದ್ದ ಅವ್ವ, ನೆಲದಡಿಯಿಂದ ಏಳುವ ಆ ನಾದಕ್ಕೆ ಷಡ್ಜ ಹೊಂದಿಸಿಕೊಂಡು ರಿಯಾಜ್ ಮಾಡುತ್ತಿದ್ದಳು. ಡ್ರಮ್ಮು ಬಂದರೆ ಮುಖ ಸಿಂಡರಿಸಿ ನಿಲ್ಲಿಸುವಳು. ಅಷ್ಟರಲ್ಲಿ ನಾದ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ರೆಕಾರ್ಡೇ ಕೆಟ್ಟಿದೆ ಎಂದುಕೊಂಡಿದ್ದೆ.

"ಡ್ರಮ್ಸ್ ಬಂದರೆ ಅವರು ನಿಲ್ಲಿಸಿಬಿಡ್ತಾರೆ. ಅದಕ್ಕೇ ಮುಳ್ಳನ್ನು ಎತ್ತಿ ಮತ್ತೆ ಮೊದಲಿಗೆ ಇಡ್ತೀನಿ," ಎಂದ, ತಪ್ಪು ಒಪ್ಪಿಕೊಳ್ಳುವವನಂತೆ.

ಗಂಟಲು ಕಟ್ಟಿ, ಕೊರಳಿಗೆ ಮಫ್ಲರ್ ಸುತ್ತಿ ಒಳಗೆ ಕೂತಿದ್ದ ಅವ್ವನಿಗೆ ಇದನ್ನು ಹೇಳಿದೆ. ಅವಳು ನನ್ನನ್ನೇ ಗದರಿದಳು: "ತಂಬೂರಿ ಸಾಥ್ ಕೊಡಾಂವನ್ನ ಬಾಗಲದಾಗ ನಿಂದ್ರಸ್ತಾರೇನ ಹುಚ್ಚಿ? ಒಳಗ ಕರಿ, ಚಾ ಇಡ್ತೀನಿ."

ಅವ್ವ ಊರಿಗೆ ಮರಳಿದ ಮೇಲೂ ಎಷ್ಟೋ ದಿನ, ಬೆಳಿಗ್ಗೆ ಏಳಕ್ಕೆ ಕೆಳಗಿನಿಂದ ಆ ನಾದ ಏಳುತ್ತಿತ್ತು. ಮೇಲೆ ಹಾಡುವವರು ಯಾರೂ ಇರಲಿಲ್ಲ. ಆದರೂ ಅವನು ಡ್ರಮ್ಮು ಬರಲು ಬಿಡುತ್ತಿರಲಿಲ್ಲ.