ತುಂಬಿ ವಾಪಸು ಹೋದ ಡಬ್ಬಿ

ಇಲ್ಲಿ ಬರೆಯುತ್ತಿರುವುದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನೇ ಆಮೇಲೆ ಸೇರಿಸಿಕೊಂಡದ್ದು ಎಂಬುದು ನನಗೇ ಖಚಿತವಿಲ್ಲ. ಹೋದ ತಿಂಗಳು ಗುಜರಾತಿನ ಸಚಿನ್ ಎಂಬ ಊರಿನ ನಮ್ಮ ಕಾರ್ಖಾನೆಯ ಊಟದ ಕೋಣೆಯಲ್ಲಿ ಸಹೋದ್ಯೋಗಿಯೊಬ್ಬ ವಡೋದರಾದಿಂದ ತಂದ ಲೀಲೋ ಚೇವ್ಡೋ ಪೊಟ್ಟಣ ಬಿಚ್ಚಿದ. ಕರಿದ ಆಲೂಗಡ್ಡೆಯ ಎಳೆ, ಕಡಲೆಬೇಳೆ, ಹಸಿಮೆಣಸಿನಕಾಯಿ, ಮೇಲೊಂದಿಷ್ಟು ಸಕ್ಕರೆ. ಆ ಸಿಹಿಖಾರದ ವಾಸನೆ ಮೂಗಿಗೆ ಬಡಿದದ್ದೇ ಮಂಜಲ್‌ಪುರದ ಮೆಟ್ಟಿಲು, ಒಂದು ಸ್ಟೀಲಿನ ಡಬ್ಬಿ, ವಕೀಲ ಅಕ್ಕ ಒಟ್ಟಿಗೇ ಎದುರು ಬಂದು ನಿಂತಂತಾಯಿತು.

ಆಗ ನಾನು ವಡೋದರಾದಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ಮಂಜಲ್‌ಪುರ ಬಡಾವಣೆಯ ನನ್ನ ಬಾಡಿಗೆ ಕೋಣೆಯ ಎದುರು ಮನೆ ಆ ಅಕ್ಕನದು. ಧಾರವಾಡದ ಕಡೆಯವರು. ಗಂಡ ಮಕರಪುರದ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಅಕ್ಕ ಜಿಲ್ಲಾ ನ್ಯಾಯಾಲಯದಲ್ಲಿ ವಕೀಲಿ ಮಾಡುತ್ತಿದ್ದರು. ಸಾಕ್ಷಿಗಳಿಗೆ ಗುಜರಾತಿಯಲ್ಲಿ ಬೆವರಿಳಿಸಿ, ಮನೆಗೆ ಬಂದು ಹಾಲಿನವನ ಹತ್ತಿರ ಹಿಂದಿಯಲ್ಲಿ ಜಗಳವಾಡಿ, ನನ್ನನ್ನು ಕನ್ನಡದಲ್ಲಿ ಬೈಯುತ್ತಿದ್ದರು.

ವಕೀಲರಿಂದ ನೇರವಾಗಿ ಜಿಲ್ಲಾ ನ್ಯಾಯಾಧೀಶರನ್ನು ಆರಿಸುವ ಪರೀಕ್ಷೆಗೆ ಅವರು ಕೂತಿದ್ದರು. ಏಳು ವರ್ಷ ವಕೀಲಿ ಮಾಡಿರಬೇಕು. ಮೊದಲು ಲಿಖಿತ ಪರೀಕ್ಷೆ, ಗೆದ್ದವರಿಗೆ ಅಹಮದಾಬಾದಿನಲ್ಲಿ ಹೈಕೋರ್ಟಿನ ನ್ಯಾಯಮೂರ್ತಿಗಳ ಎದುರು ಸಂದರ್ಶನ. ಲಿಖಿತದಲ್ಲಿ ಅವರು ಪಾಸಾಗಿದ್ದರು. ವಯಸ್ಸಿನ ಮಿತಿ ಹತ್ತಿರವಾಗುತ್ತಿತ್ತು. ಸಂಜೆ ನಾನು ಪುಸ್ತಕ ಹಿಡಿದು ಪ್ರಶ್ನೆ ಕೇಳಬೇಕು, ಅವರು ರೊಟ್ಟಿ ಬಡಿಯುತ್ತ ಉತ್ತರ ಹೇಳಬೇಕು.

"ಇದೆಲ್ಲ ನಾಟಕ ಅಕ್ಕ. ಯಾರನ್ನು ತಗೋಬೇಕು ಅಂತ ಮೊದಲೇ ತೀರ್ಮಾನ ಆಗಿರತ್ತೆ," ಎಂದಿದ್ದೆ ಒಮ್ಮೆ.

"ನಿನಗ ಯಾವುದರ ಮ್ಯಾಲೆ ನಂಬಿಕಿ ಐತೋ ತಮ್ಮಾ? ರೊಟ್ಟಿ ಮ್ಯಾಲರ ಐತೋ ಇಲ್ಲೋ? ಇದ್ರ ತಿನ್ನು."

ಸಂದರ್ಶನಕ್ಕೆ ಕೆಲವೇ ದಿನ ಇದ್ದಾಗ ನಮ್ಮ ವಸತಿ ಸೊಸೈಟಿಯ ಚೇರ್ಮನ್ನರು ಮೇಲೆ ಬಂದರು. ಬಟ್ಟೆ ವ್ಯಾಪಾರಿ. ಅವರ ಅಂಗಡಿಯದೊಂದು ದಾವೆ ಯಾವುದೋ ನ್ಯಾಯಾಲಯದಲ್ಲಿ ವರ್ಷಗಳಿಂದ ಕೊಳೆಯುತ್ತಿತ್ತು. ಕೈಯಲ್ಲಿ ಡಬ್ಬಿ, ಅದರ ತುಂಬ ಲೀಲೋ ಚೇವ್ಡೋ. "ಬೆನ್, ಅಹಮದಾಬಾದ್ ಮಾ ಆಪಣೋ ಮಾಣಸ್ ಛೇ. ಬಸ್, ಏಕ್ ಫೋನ್!" ನಮ್ಮವನೊಬ್ಬ ಅಲ್ಲಿದ್ದಾನೆ, ಒಂದು ಫೋನ್ ಸಾಕು ಎಂದರು. ಅಕ್ಕ ನಕ್ಕರು. "ನಾ ಭಾಯಿ", ಫೋನ್ ಬೇಡ, ಎಂದರೆಂದು ನೆನಪು... ಅಥವಾ ಬರೀ ನಕ್ಕರೋ. ಡಬ್ಬಿಯಂತೂ ಮೇಜಿನ ಮೇಲೆ ಉಳಿಯಿತು.

ಸಂದರ್ಶನಕ್ಕೆ ಅಹಮದಾಬಾದಿಗೆ ಹೊರಡುವ ಹಿಂದಿನ ದಿನ ಅದೇ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಅಕ್ಕ ಚೇರ್ಮನ್ನರ ಮನೆಯತ್ತ ಮೆಟ್ಟಿಲಿಳಿಯುವುದನ್ನು ನೋಡಿದೆ. ಡಬ್ಬಿ ಭಾರವಾಗಿತ್ತು. ಸಂಜೆ ಕೆಳಗೆ ಸ್ಕೂಟರ್ ನಿಲ್ಲಿಸುವಲ್ಲಿ ಚೇರ್ಮನ್ನರು ನಾಲ್ಕು ಜನರ ನಡುವೆ ಎದೆಯುಬ್ಬಿಸಿ ಹೇಳುತ್ತಿದ್ದರು: "ಬೆನ್ ಮಾನೀ ಗಯಾ." ಅಕ್ಕ ಒಪ್ಪಿದರು ಎಂದು.

ಅಕ್ಕನನ್ನು ನಾನು ಏನೂ ಕೇಳಲಿಲ್ಲ. ನನ್ನ ಎಂ.ಎಸ್ಸಿ. ಪರೀಕ್ಷೆ ಮುಗಿಸಿ, ಅವರ ಫಲಿತಾಂಶ ಬರುವ ಮೊದಲೇ ಊರು ಬಿಟ್ಟೆ. ಆಮೇಲೆ ಯಾವಾಗಲೋ, ಯಾರ ಬಾಯಿಂದಲೋ, ಅಕ್ಕ ದೂರದ ಜಿಲ್ಲೆಯೊಂದರಲ್ಲಿ ನ್ಯಾಯಾಧೀಶೆಯಾದರು ಎಂದು ಕೇಳಿದೆ. ಡಬ್ಬಿ, ಫೋನು, ಕುರ್ಚಿ... ಮೂರನ್ನೂ ನನ್ನ ತಲೆ ತಾನೇ ಒಂದು ದಾರಕ್ಕೆ ಪೋಣಿಸಿತು. ನಾನು ಆವರೆಗೆ ಕಂಡ ಜನರಲ್ಲಿ ವಶೀಲಿಗೆ ಬಗ್ಗದವರು ಒಬ್ಬರಾದರೂ ಇದ್ದರೆ ಅದು ಆ ಅಕ್ಕನೇ ಎಂದುಕೊಂಡಿದ್ದೆ. ಅವರೂ ಹಾಗೆಯೇ ಎಂದ ಮೇಲೆ ಇನ್ನು ಯಾರನ್ನು ನಂಬುವುದು? ಅಭಿನಂದಿಸಲು ಒಂದು ಫೋನ್ ಕೂಡ ಮಾಡಲಿಲ್ಲ.

ಚೇವ್ಡೋ ತಿಂದ ದಿನ ಸಂಜೆ ಅಕ್ಕನ ಗಂಡ ಭಾವನವರ ನಂಬರು ಹುಡುಕಿ ಫೋನ್ ಮಾಡಿದೆ. ಅವರು ಇನ್ನೂ ಮಂಜಲ್‌ಪುರದಲ್ಲೇ ಇದ್ದಾರೆ. ನನ್ನ ಗುರುತು ಹತ್ತಿದೊಡನೆ ಹೇಳಿದರು: "ಆಕಿ ಹೋಗಿಬಿಟ್ಲಪಾ. ಹೋದ ವರ್ಷ."

ಸಂತಾಪದ ನಾಲ್ಕು ಮಾತು ಹೇಳಿದೆ. ಕೊನೆಗೆ, ತಡೆಯಲಾಗದೆ, ಆ ಡಬ್ಬಿಯ ಮಾತು ತೆಗೆದೆ. ಅವರು ಜೋರಾಗಿ ನಕ್ಕರು.

"ಶೇಂಗಾ ಉಂಡಿ ಇದ್ದುವೋ ಅದರಾಗ! ಖಾಲಿ ಡಬ್ಬಿ ಹೆಂಗ ತಿರುಗಿ ಕೊಡೂದು ಅಂತ ಮಾಡಿ ತುಂಬಿದ್ಲು. ಒಲ್ಲೆ ಅಂತ ಹೇಳಿ ಉಂಡಿ ಕೊಟ್ರ, ಅವರು ಉಂಡೀನ ಒಪ್ಪಿಗಿ ಅಂತ ತಿಳಕೊಂಡ್ರು."

"ಮತ್ತೆ ಫೋನು?"

"ಚೇರ್ಮನ್ನರು ಮಾಡಿದ್ರಂತ. ಅಹಮದಾಬಾದಿನ ಆ ಮನುಷ್ಯಾ ಎತ್ತಲೇ ಇಲ್ಲಂತ. ಆ ಸಲ ಆಕಿ ಸಂದರ್ಶನದಾಗ ನಪಾಸ್ ಆದ್ಲಲ್ಲೋ. ಜಜ್ ಆಗಿದ್ದು ಎರಡನೇ ಸಲ. ಆವಾಗ ಪರೀಕ್ಷಾಕ್ಕ ಕೂತದ್ದು ಬಿಲ್ಡಿಂಗಿನಾಗ ಯಾರಿಗೂ ಹೇಳಲೇ ಇಲ್ಲ. ಮತ್ತ ಯಾರರ ಡಬ್ಬಿ ತಂದಾರು ಅಂತ!"

ನಮ್ಮ ತಾಯಿಯೂ ಯಾರ ಪಾತ್ರೆಯನ್ನೂ ಖಾಲಿ ಹಿಂದಿರುಗಿಸಿದವಳಲ್ಲ, ಒಂದು ಹಿಡಿ ಸಕ್ಕರೆಯನ್ನಾದರೂ ಹಾಕುತ್ತಿದ್ದಳು. ಅದು ಗೊತ್ತಿದ್ದೂ ನನಗೆ ಅಂದು ಹೊಳೆಯಲಿಲ್ಲ. ಒಬ್ಬರು ಸೋತದ್ದನ್ನು ಕೇಳಿ ಎದೆ ಇಷ್ಟು ಹಗುರಾದದ್ದು ನನ್ನ ಬಾಳಿನಲ್ಲಿ ಇದೊಂದೇ ಸಲ. ಫೋನ್ ಇಟ್ಟ ಮೇಲೆ ಒಬ್ಬನೇ ಕೂತು ನಕ್ಕೆ. ಆದರೆ ಈ ನಗುವನ್ನು ಅಕ್ಕನೆದುರು ನಗಬೇಕಾಗಿತ್ತು... "ಈಗರ ನಂಬಿಕಿ ಬಂತೇನೋ?" ಎಂದು ಕೇಳಲು ಅವರಿಲ್ಲ.

ಆದರೂ ನನ್ನ ಬುದ್ಧಿ ಬಿಡಬೇಕಲ್ಲ. ಗಂಡ ಹೆಂಡತಿಯ ಪರವಾಗಿ ಹೇಳದೆ ಇನ್ನೇನು ಹೇಳುತ್ತಾನೆ ಎಂದು ಮರುದಿನವೇ ಅನುಮಾನ ಶುರುವಾಯಿತು. ಅಕ್ಕನ ಎದುರು ವಾದಿಸುತ್ತಿದ್ದ ಹಿರಿಯ ವಕೀಲರೊಬ್ಬರನ್ನು ವಡೋದರಾದಲ್ಲಿ ಹುಡುಕಿಕೊಂಡು ಹೋಗಿ ಕೇಳಿದೆ. ಅವರಿಗೆ ಚೆನ್ನಾಗಿ ನೆನಪಿತ್ತು, ಏಕೆಂದರೆ ಅಂದು ಸೋತವರು ಅವರೇ: ಡಬ್ಬಿಯ ಆ ವರ್ಷ ಆಯ್ಕೆಯಾದವರ ಪಟ್ಟಿಯಲ್ಲಿ ಅಕ್ಕನ ಹೆಸರಿರಲಿಲ್ಲ; ಪಟ್ಟಿ ಹೊರಬಿದ್ದ ಮರುದಿನ, ಅಕ್ಕ ಎಂದಿನಂತೆ ವಕೀಲರ ಕಪ್ಪು ಕೋಟು ಹಾಕಿಕೊಂಡು ಜಿಲ್ಲಾ ನ್ಯಾಯಾಲಯಕ್ಕೆ ಬಂದು, ನಿಂತುಕೊಂಡೇ ವಾದಿಸಿ, ಅವರ ವಿರುದ್ಧ ಒಂದು ಜಾಮೀನು ಗೆದ್ದಿದ್ದರು.