ರೆಫರ್ ಚೀಟಿಯ ಬೆನ್ನಿಗೆ ನಾಲ್ಕು ಸಾಲು

ಬೆಳಗಿನ ಆರೂಕಾಲು. ವಿಜಯಪುರದ ಇಬ್ರಾಹಿಂಪುರದಿಂದ ಮೊದಲ ಬಸ್ಸಿಗೆ ಬಂದಿಳಿದ ದಾವಲಬಿ ಆಸ್ಪತ್ರೆಯ ಉದ್ದನೆಯ ಪಡಸಾಲೆಯನ್ನು ಫಿನೈಲ್ ನೀರಿನಿಂದ ಒರೆಸುತ್ತಿದ್ದಾರೆ. ಗೋಡೆಗೆ ಒರಗಿ ಕೂತವರ ಹತ್ತಿರ ಬಂದಾಗಲೆಲ್ಲ ದಾವಲಬಿಯ ಕೈಯ ಒರೆಸುವ ಕೋಲು ನಿಲ್ಲುತ್ತದೆ. "ಯಾಕ ಕುಂತೀಯವ್ವಾ? ಡಾಕ್ಟರ್ ಏನಂದ್ರು?" ಉತ್ತರ ಸಿಗುವವರೆಗೆ ಕೋಲು ಮುಂದೆ ಸರಿಯುವುದಿಲ್ಲ.

ತಿಕೋಟಾ, ಬಬಲೇಶ್ವರ ಕಡೆಯ ಜನ ನಂಬಿ ಬರುವ ಆಸ್ಪತ್ರೆಗಳಲ್ಲಿ ಇದೂ ಒಂದು. ಈ ಲೇಖನದಲ್ಲಿ ಅದರ ಹೆಸರು ಬೇಡವೆಂದು ದಾವಲಬಿಯೇ ಹೇಳಿದ್ದಾರೆ. "ಮಂದಿ ಬರೂದು ಬಿಟ್ರ ಎಲ್ಲಿಗಿ ಹೋಗಬೇಕ್ರಿ ಅವ್ರು?" ನಿಮ್ಮ ಹೆಸರು ಹಾಕಲೇ ಎಂದೆ. "ಹಾಕ್ರಿ. ನಾನೇನ್ ಕಳುವು ಮಾಡೀನೇನ್ರಿ?"

ಐವತ್ತೆರಡು ವಯಸ್ಸಿನ ಇವರು ಹದಿನೆಂಟು ವರ್ಷಗಳಿಂದ ಇಲ್ಲಿ ಗುತ್ತಿಗೆಯ ಆಯಾ. ಇಪ್ಪತ್ತೆರಡು ಹಾಸಿಗೆ, ದಿನಕ್ಕೆ ಮೂರು ಸಲ ನೆಲ, ಎರಡು ಸಲ ಶೌಚಾಲಯ. ಹೆರಿಗೆಯಾದ ದಿನ ಎಷ್ಟು ಸಲವೋ ದೇವರಿಗೇ ಗೊತ್ತು. ಮೂರು ಗುತ್ತಿಗೆದಾರರು ಬದಲಾದರು, ಇವರ ಫೋಟೋ ಇರುವ ಒಂದು ಗುರುತಿನ ಚೀಟಿ ಮಾತ್ರ ಇನ್ನೂ ಬಂದಿಲ್ಲ. ಓದಿದ್ದು ಏಳನೇ ಇಯತ್ತೆ. "ನನಗ ಪೂರಾ ತಿಳಿಯೂ ಇಂಗ್ಲಿಷ್ ಶಬ್ದ ಒಂದೇರಿ. ರೆಫರ್."

ನಾನು ನಿಘಂಟು ತೆಗೆದು ನೋಡಿದೆ. ಒಪ್ಪಿಸು, ಸಲಹೆಗಾಗಿ ಇನ್ನೊಬ್ಬರ ಬಳಿಗೆ ಕಳುಹಿಸು ಎಂದಿದೆ. ಆ ಅರ್ಥದಲ್ಲಿ ಕೊಡುವ ಕೈಯೂ ಇದೆ, ತೆಗೆದುಕೊಳ್ಳುವ ಕೈಯೂ ಇದೆ. ನಮ್ಮ ಕಡೆಯ ಬಳಕೆಯೇ ಬೇರೆ. "ವಿಜಯಪುರಕ್ಕ ರೆಫರ್ ಮಾಡ್ಯಾರಂತ" ಎಂದು ಬಸ್ಸಿನಲ್ಲಿ ಯಾರೋ ಅಂದರೆ ಪಕ್ಕದವರು ದನಿ ತಗ್ಗಿಸುತ್ತಾರೆ. ಸೊಲ್ಲಾಪುರಕ್ಕೆ ಅಂದರೆ ಮಾತೇ ನಿಲ್ಲುತ್ತದೆ. ಕಚೇರಿಗೆ ಹೋದರೆ ಅರ್ಜಿಯೂ ರೆಫರ್, ದೂರೂ ರೆಫರ್. ಒಂದು ಸಹಿ ಹಾಕಿ ಕೈ ತೊಳೆದುಕೊಳ್ಳುವುದಕ್ಕೆ ಇಷ್ಟು ಮರ್ಯಾದೆಯ ಹೆಸರು ಬೇರೆ ಸಿಕ್ಕೀತೇ? ಬರೆಯುವಾಗಲೂ ನನಗೆ ಮೈ ಉರಿಯುತ್ತಿದೆ.

ಐದು ವರ್ಷಗಳ ಹಿಂದಿನ ಮಾತು. ಬಿಜ್ಜರಗಿಯ ಪರಸವ್ವ ತುಂಬು ಗರ್ಭಿಣಿ ಸೊಸೆ ವಿಶಾಖಾಳನ್ನು ಕರೆದುಕೊಂಡು ಬಂದರು. ಬಿಪಿ ಏರಿತ್ತು. ಮಧ್ಯಾಹ್ನ ಮೂರಕ್ಕೆ "ರೆಫರ್ ಮಾಡೀವಿ" ಎಂದು ಚೀಟಿ ಕೊಟ್ಟರು, ಮುಂದಿನ ರೋಗಿಯನ್ನು ಕರೆದರು. ಅತ್ತೆ, ಸೊಸೆ ಬಂದು ಇದೇ ಪಡಸಾಲೆಯಲ್ಲಿ ಕೂತರು. ಏಳರವರೆಗೂ ಕೂತೇ ಇದ್ದರು. ಪರಸವ್ವ ಈಗಲೂ ಅದನ್ನು ತಮ್ಮದೇ ತಪ್ಪೆಂಬಂತೆ ಹೇಳುತ್ತಾರೆ: "ಮಾಡೀವಿ ಅಂದ್ರಲ್ರಿ. ದೊಡ್ಡ ದವಾಖಾನಿಯವ್ರು ಗಾಡಿ ತಗೊಂಡು ಕರ್ಯಾಕ ಬರ್ತಾರಂತ ತಿಳಕೊಂಡ್ನಿರಿ. ಮತ್ತ ಮತ್ತ ಕೇಳಿದ್ರ ಸಿಟ್ಟ ಆಗ್ತಾರಂತ ಸುಮ್ನ ಕುಂತ್ನಿರಿ."

ತಡವಾಗಿ ವಿಜಯಪುರ ಮುಟ್ಟಿದ ವಿಶಾಖಾ ಉಳಿದರು. ಕೂಸು ಉಳಿಯಲಿಲ್ಲ. ಆಸ್ಪತ್ರೆಯ ದಾಖಲೆ ಪುಸ್ತಕದಲ್ಲಿ ಮಾತ್ರ ಮೂರು ಗಂಟೆಗೆ ರೆಫರ್ ಮಾಡಲಾಗಿದೆ ಎಂದಿದೆ. ಅಲ್ಲಿಗೆ ಎಲ್ಲರ ಕೆಲಸವೂ ಸರಿಯಾಗಿಯೇ ಮುಗಿದಿದೆ, ಯಾರ ತಪ್ಪೂ ಇಲ್ಲ.

ತಪ್ಪು ಒಪ್ಪಿಕೊಂಡವರು ಇಬ್ಬರೇ. ಒಬ್ಬರು ಪರಸವ್ವ, ಇನ್ನೊಬ್ಬರು ದಾವಲಬಿ. "ಅವತ್ತು ಎರಡು ಸಲ ನೆಲಾ ಒರಿಸೀನ್ರಿ. ಎರಡೂ ಸಲ, ಕಾಲ್ ಎತ್ತಬೇ ಅಂದೆ. ಆಕಿ ಎತ್ತಿದ್ಳು. ಯಾಕ ಕುಂತೀಯವ್ವಾ ಅಂತ ಕೇಳಲಿಲ್ಲ ನಾನು. ಕೇಳಿದ್ರ ನಂದೇನ್ ಹೋಗ್ತಿತ್ತು?"

ಅಂದಿನಿಂದ ಕೇಳುತ್ತಿದ್ದಾರೆ. ವಾರಕ್ಕೆ ಏಳೆಂಟು ರೆಫರ್ ಚೀಟಿಗಳು ಹೊರಬೀಳುತ್ತವೆ. ಚೀಟಿ ಹಿಡಿದು ಬಂದವರನ್ನು ದಾವಲಬಿ ತಡೆದು ನಿಲ್ಲಿಸುತ್ತಾರೆ. ಆಂಬುಲೆನ್ಸಿಗೆ ಫೋನು ಹಚ್ಚಿಸುತ್ತಾರೆ. ನರ್ಸನ್ನು ಕೇಳಿ ಚೀಟಿಯ ಹಿಂದೆ ದಪ್ಪ ಕನ್ನಡ ಅಕ್ಷರಗಳಲ್ಲಿ ನಾಲ್ಕು ಸಾಲು ಬರೆಯುತ್ತಾರೆ: ಬಂದ ಹೊತ್ತು, ಕೊಟ್ಟ ಔಷಧ, ರೆಫರ್ ಆದ ಹೊತ್ತು, ಗಾಡಿ ಬಂದ ಹೊತ್ತು. ಕೊನೆಗೆ ಯಾವ ಗೇಟು, ಯಾವ ಕೌಂಟರು ಎಂದು ಬಾಯಿಪಾಠ ಮಾಡಿಸುತ್ತಾರೆ. ಇದು ಅವರ ಕೆಲಸವಲ್ಲ. ಇದು ಯಾರ ಕೆಲಸವೋ ಅವರು ಈ ಐದು ವರ್ಷಗಳಲ್ಲಿ ಒಮ್ಮೆಯೂ ಕಣ್ಣಿಗೆ ಬಿದ್ದಿಲ್ಲ.

ಬಹುಮಾನ ಏನು ಬಂತು ಗೊತ್ತೇ? ಕಳೆದ ತಿಂಗಳು ಒಂದು ನೋಟಿಸು. ಸ್ವಚ್ಛತಾ ಸಿಬ್ಬಂದಿ ಆಸ್ಪತ್ರೆಯ ದಾಖಲೆಗಳ ಮೇಲೆ ಬರೆಯತಕ್ಕದ್ದಲ್ಲ, ಬರೆದರೆ ಗುತ್ತಿಗೆ ಮುಂದುವರಿಯುವುದಿಲ್ಲ. ಅಕ್ಷರ ಕೆಟ್ಟದಾಗಿದೆ ಎಂದಲ್ಲ, ಔಷಧ ತಪ್ಪಾಗಿ ಬರೆದರು ಎಂದೂ ಅಲ್ಲ. ರೆಫರ್ ಆದದ್ದು ಹತ್ತಕ್ಕೆ, ಗಾಡಿ ಬಂದದ್ದು ಹನ್ನೆರಡೂವರೆಗೆ ಎಂದು ಒಂದು ಚೀಟಿಯ ಬೆನ್ನಲ್ಲಿತ್ತು. ವಿಜಯಪುರದ ದೊಡ್ಡ ಆಸ್ಪತ್ರೆಯ ಡಾಕ್ಟರೊಬ್ಬರು ಅದನ್ನು ಓದಿ, ಈ ಎರಡೂವರೆ ತಾಸು ಏನು ಮಾಡುತ್ತಿದ್ದಿರಿ ಎಂದು ಫೋನಿನಲ್ಲಿ ಕೇಳಿಬಿಟ್ಟರು. ಉತ್ತರ ಕೊಡುವುದಕ್ಕಿಂತ ಆಯಾಳ ಪೆನ್ನು ಕಸಿಯುವುದು ಸುಲಭ.

ದಾವಲಬಿ ನೋಟಿಸಿಗೆ ಸಹಿ ಮಾಡಿದ್ದಾರೆ. ಗುತ್ತಿಗೆ ಈ ತಿಂಗಳ ಕೊನೆಗೆ ಮುಗಿಯುತ್ತದೆ. ಕೆಲಸ ಹೋದರೆ ಏನು ಮಾಡುತ್ತೀರಿ ಎಂದು ಕೇಳಿದೆ. ಆ ಪ್ರಶ್ನೆಯನ್ನು ಅವರು ಕಿವಿಗೇ ಹಾಕಿಕೊಳ್ಳಲಿಲ್ಲ. "ನಾನss ಬರೀಬೇಕಂತ ಏನೂ ಇಲ್ರಿ. ಚೀಟಿ ಹಿಂದ ನಾಕ್ ಗೆರಿ ಅಚ್ಚ ಹಾಕಿಸ್ರಿ, ಕಲ್ತವ್ರss ಬರೀಲಿ. ಕುಂತವ್ರನ್ನ ಯಾರರೆ ಒಬ್ರು ಕೇಳಬೇಕ್ರಿ. ಅಷ್ಟ ಸಾಕು ನನಗ."

ನಾವು ಮಾತಾಡುತ್ತಿರುವಾಗಲೇ ಚೀಟಿ ಹಿಡಿದು ಹೊರಬಂದವನು ಬಬಲೇಶ್ವರ ಕಡೆಯ ಹಣಮಂತರಾಯ. ತಂದೆಗೆ ಎದೆನೋವು. ಮುಂದೇನು ಎಂದು ತಿಳಿಯದೆ ಗೋಡೆ ಹಿಡಿದು ನಿಂತಿದ್ದಾನೆ. ದಾವಲಬಿ ಕೋಲು ಬದಿಗಿಟ್ಟು ಅವನ ಬಳಿ ಹೋದರು. ಆಂಬುಲೆನ್ಸಿಗೆ ಫೋನು ಹಚ್ಚಿಸಿದರು, ಒಳಗೆ ಹೋಗಿ ನರ್ಸನ್ನು ಕೇಳಿ ಬಂದರು. ಚೀಟಿಯನ್ನು ಮಡಚಿ ಅವನ ಜೇಬಿಗೇ ಇಟ್ಟರು. ಆಮೇಲೆ ಅವನ ಎಡಗೈ ಎಳೆದುಕೊಂಡು, ಅಂಗಿಯ ತೋಳನ್ನು ಮೊಣಕೈವರೆಗೆ ಏರಿಸಿ, ಬಾಲ್‌ಪೆನ್ನು ಒತ್ತಿ ಬರೆಯತೊಡಗಿದರು. ಬಂದ ಹೊತ್ತು. ಕೊಟ್ಟ ಗುಳಿಗೆ. ರೆಫರ್ ಆದ ಹೊತ್ತು. ನಾಲ್ಕನೆಯ ಸಾಲಿಗೆ ಜಾಗ ಬಿಟ್ಟು, ಗಾಡಿ ಬಾಗಿಲಿಗೆ ಬಂದು ನಿಂತ ಮೇಲೆ ಗಡಿಯಾರ ನೋಡಿ ಅದನ್ನೂ ತುಂಬಿದರು.

"ತೊಳಕೋಬ್ಯಾಡ ತಮ್ಮಾ. ಅಲ್ಲಿ ಡಾಕ್ಟರ್ ಮುಂದ ಮೊದಲ ಈ ಕೈ ಹಿಡಿ."

ಗಾಡಿ ಹೋಯಿತು. ಅವರು ಪೆನ್ನನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಮತ್ತೆ ಕೋಲು ಹಿಡಿದರು.

"ಚೀಟಿ ಮ್ಯಾಲ ಬರಿಯಂಗಿಲ್ಲಂತ ಸಹಿ ಮಾಡೀನ್ರಿ, ಹೌದು. ಮನಷ್ಯಾನ ಮ್ಯಾಲ ಬರೀಬ್ಯಾಡಂತ ಇನ್ನಾ ಯಾರೂ ಅಂದಿಲ್ಲ."